ಕಿಟ್ ಹಾಕಿದ್ಮೇಲೆ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಕಿಟ್ ಹಾಕಿದ್ದು ಯಾಕೆ ಅಂತ ಹೇಳಿ

ಭಾಗ 1/8

ಜೂನ್ ಬಂತು ಅಂದ್ರೆ ನನ್ನ ಇನ್‌ಬಾಕ್ಸಿಗೆ ಒಂದೇ ಥರದ ಮೆಸೇಜು. ಯೆಜ್ಡಿಗೆ ಸಿಡಿಐ ಕಿಟ್ ಹಾಕ್ಸಿದೀನಿ ಬ್ರೋ, ಮುಂಚೆ ಮೂರ್ನಾಲ್ಕು ಕಿಕ್ಕಿಗೆ ಎದ್ದೇಳ್ತಿತ್ತು, ಈಗ ಮೂವತ್ತು ಹೊಡೆದ್ರೂ ಉಸಿರಿಲ್ಲ. ಕಾರಣ ಎಲ್ಲರಿಗೂ ಗೊತ್ತಿರೋದೇ. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಶೆಡ್ಡಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ತಾತನ ಗಾಡಿ ಅಷ್ಟರೊಳಗೆ ಎದ್ದು ನಿಲ್ಲಬೇಕು. ಸರ್ವಿಸ್ ಮಾಡಿಸೋಕೆ ಟೈಮಿಲ್ಲ, ಪಾಯಿಂಟ್ ಸೆಟ್ ಮಾಡೋಕೆ ಬರೋ ಮೆಕ್ಯಾನಿಕ್ ಅಣ್ಣಂದಿರು ಊರಿಗೆ ಒಬ್ಬರೋ ಇಬ್ಬರೋ. ಅದಕ್ಕೇ ಶಾರ್ಟ್‌ಕಟ್ಟು: ಕಿಟ್ ತರಿಸು, ಹಾಕು, ಮುಗೀತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪೋದು ಬಿಡೋದು ಆಮೇಲೆ. ಸ್ಟಾರ್ಟ್ ಆಗದ ಗಾಡಿಗೆ ಕಿಟ್ ಹಾಕಬಾರದು. ಸ್ಟಾರ್ಟ್ ಆಗೋ ಗಾಡಿಗೆ ಹಾಕಬೇಕು. ಹಳೇ ಪಾಯಿಂಟಿನಲ್ಲೇ, ಹಳೇ ಕಾಯಿಲಿನಲ್ಲೇ, ಮಂಕಾದ 6 ವೋಲ್ಟ್ ಲೈಟಿನಲ್ಲೇ ಗಾಡಿಯನ್ನ ಒಂದ್ಸಲ ಸರಿಯಾಗಿ ಓಡಿಸಿ ನೋಡಿ. ಆಮೇಲೆ ಕಿಟ್ ಹಾಕಿ. ಆಗ ಸ್ಟಾರ್ಟ್ ಆಗದೇ ಹೋದ್ರೆ ತಪ್ಪು ಎಲ್ಲಿದೆ ಅಂತ ಅರ್ಧ ಗೊತ್ತಾದ ಹಾಗೇ: ನೀವು ನಿನ್ನೆ ಕೈ ಇಟ್ಟ ಜಾಗದಲ್ಲಿ. ಕೆಟ್ಟಿರೋ ಗಾಡಿಗೆ ಕಿಟ್ ಹಾಕಿದ್ರೆ ಕೈಯಲ್ಲಿ ಎರಡು ಸಮಸ್ಯೆ ಇರುತ್ತೆ, ಒಂದು ಹಳೇದು, ಒಂದು ಹೊಸದು. ಯಾವುದರ ಬಾಲ ಎಲ್ಲಿ ಶುರು ಅಂತ ಯಾರಿಗೂ ಹೇಳೋಕಾಗಲ್ಲ.

ಒಂದು ಸ್ಪಷ್ಟನೆ. ಈಗ ಶೋರೂಮಿನಲ್ಲಿ ಸಿಗೋ ಹೊಸ ಜಾವಾ, ಹೊಸ ಯೆಜ್ಡಿ ಫೋರ್ ಸ್ಟ್ರೋಕು, ಅದರ ಮಾತು ಇಲ್ಲಿಲ್ಲ. ಇದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಿಂದ 1961ರಿಂದ 1996ರವರೆಗೆ ಹೊರಬಿದ್ದ ಟೂ ಸ್ಟ್ರೋಕ್ ಗಾಡಿಗಳ ಮಾತು. 1973ರವರೆಗೆ ಟ್ಯಾಂಕಿನ ಮೇಲೆ ಜಾವಾ, ಅಲ್ಲಿಂದ ಮುಂದೆ ಯೆಜ್ಡಿ. ಗೇರ್ ಲಿವರೇ ಕಿಕ್ಕರ್ ಆಗೋ ಗಾಡಿ. ಗೊತ್ತಿಲ್ಲದವರು ಕಿಕ್ಕರ್ ಹುಡುಕ್ತಾ ನಿಂತ್ಕೊಳೋದು ನೋಡೋಕೇ ಒಂದು ಮಜ.

ಭಾಗ 2/8

ಸ್ವಲ್ಪ ಪಾಠ. ಬೋರ್ ಹೊಡೆಸಲ್ಲ, ಆದ್ರೆ ಇದು ಬಿಟ್ಟರೆ ಮುಂದಿನದು ಅರ್ಥ ಆಗಲ್ಲ.

ಹಳೇ ಪದ್ಧತಿಯಲ್ಲಿ ಏನಾಗುತ್ತೆ? ಕೀ ಆನ್ ಮಾಡಿದಾಗ ಬ್ಯಾಟರಿಯ ಕರೆಂಟು ಸ್ವಿಚ್ ದಾಟಿ ಇಗ್ನಿಷನ್ ಕಾಯಿಲಿಗೆ ಹೋಗುತ್ತೆ, ಕಾಯಿಲಿನಿಂದ ಪಾಯಿಂಟಿಗೆ, ಪಾಯಿಂಟ್ ಮುಚ್ಚಿದ್ರೆ ಅಲ್ಲಿಂದ ಬಾಡಿಗೆ. ಕಾಯಿಲಿನಲ್ಲಿ ಅಯಸ್ಕಾಂತ ಕ್ಷೇತ್ರ ತುಂಬಿಕೊಳ್ಳುತ್ತೆ. ಕ್ರ್ಯಾಂಕ್ ತುದಿಯ ಕ್ಯಾಮ್ ತಿರುಗಿ ಪಾಯಿಂಟನ್ನ ಒಂದು ಕೂದಲೆಳೆ ತೆರೆದ ಕ್ಷಣ ಕರೆಂಟು ಕಡಿಯುತ್ತೆ, ಕ್ಷೇತ್ರ ಕುಸಿಯುತ್ತೆ, ಪ್ಲಗ್ಗಲ್ಲಿ ಕಿಡಿ. ನಾವು ಪರೀಕ್ಷೆಗೆ ಬಾಯಿಪಾಠ ಹೊಡೆದ ಫ್ಯಾರಡೆ ನಿಯಮ ಇದೇ ಕಣ್ರೋ, ಐದು ಮಾರ್ಕಿಂದು. ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪು ಸುಮಾರು 0.4 ಮಿಲಿಮೀಟರ್ ಇರಬೇಕು. ಪಕ್ಕದ ಕಂಡೆನ್ಸರ್ ಪಾಯಿಂಟಿನ ಬಾಯಿ ಸುಟ್ಟು ಹೋಗದ ಹಾಗೆ ಕಾಯುತ್ತೆ.

ಕಿಟ್ಟಲ್ಲಿ ಪೂರ್ತಿ ಬೇರೆ ಕಥೆ. ಡೈನಮೋ ಹೋಗಿ ಅದರ ಜಾಗಕ್ಕೆ ಮ್ಯಾಗ್ನೆಟ್ ರೋಟರ್ ಬರುತ್ತೆ. ಅದರೊಳಗಿನ ಒಂದು ಸುರುಳಿ ತಾನೇ ಹೈ ವೋಲ್ಟೇಜ್ ಹುಟ್ಟಿಸಿ ಸಿಡಿಐ ಡಬ್ಬಿಯ ಕೆಪ್ಯಾಸಿಟರ್ ತುಂಬಿಸುತ್ತೆ. ಸರಿಯಾದ ಹೊತ್ತಿಗೆ ಪಿಕಪ್ ಕಾಯಿಲ್ ಸಿಗ್ನಲ್ ಕೊಟ್ಟಾಗ ಆ ಕೆಪ್ಯಾಸಿಟರ್ ಒಂದೇ ಏಟಿಗೆ ಕಾಯಿಲಿಗೆ ಸುರಿಯುತ್ತೆ. ಬ್ಯಾಟರಿ ಬೇಕಾಗೇ ಇಲ್ಲ. ಬ್ಯಾಟರಿ ಬಿಚ್ಚಿ ಮನೇಲಿಟ್ಟು ಬಂದ್ರೂ ಎಂಜಿನ್ ಓಡುತ್ತೆ.

ಇಲ್ಲಿ ಒಂದು ವ್ಯತ್ಯಾಸ ಗಟ್ಟಿಯಾಗಿ ಹಿಡ್ಕೊಳ್ಳಿ, ನನಗೆ ಬರೋ ಮೆಸೇಜುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತೆ. ಹಳೇ ಪದ್ಧತಿಯಲ್ಲಿ ಗಾಡಿ ಆನ್ ಅಂದ್ರೆ ಸ್ವಿಚ್ ಕರೆಂಟು ಕೊಡಬೇಕು. ಹೊಸದರಲ್ಲಿ ಆನ್ ಅಂದ್ರೆ ಸ್ವಿಚ್ ಏನೂ ಮಾಡದೆ ಸುಮ್ಮನಿರಬೇಕು, ಆಫ್ ಮಾಡಿದಾಗ ಮಾತ್ರ ಕಿಲ್ ವೈರನ್ನ ಬಾಡಿಗೆ ಮುಟ್ಟಿಸಬೇಕು. ಎರಡೂ ತದ್ವಿರುದ್ಧ. ಮೈಸೂರಿನ ಹಳೇ ಸ್ವಿಚ್ಚಿಗೆ ಇದು ಗೊತ್ತಿಲ್ಲ ಪಾಪ, ಅದು ತನ್ನ ಹಳೇ ಕೆಲಸಾನೇ ನಿಯತ್ತಾಗಿ ಮಾಡುತ್ತೆ.

ಭಾಗ 3/8

ಹಾಗಾಗಿ ಏನಾಗುತ್ತೆ ಅಂದ್ರೆ, ಕಿಟ್ ಹಾಕೋರು ಹಳೇ ಕಾಯಿಲಿಗೆ ಬರ್ತಿದ್ದ ವೈರ್ ಖಾಲಿ ನೇತಾಡೋದು ನೋಡ್ತಾರೆ. ಕಿಟ್ಟಿಂದ ಒಂದು ವೈರ್ ಉಳಿದಿರುತ್ತೆ. ಎರಡು ಅನಾಥ ವೈರು, ಒಂದಕ್ಕೊಂದು ಜೋಡಿ ಮಾಡಿಬಿಡ್ತಾರೆ. ಮದುವೆ ಆಯ್ತು, ಸಂಸಾರ ನಡೆಯಲ್ಲ.

ಕೀ ಆನ್ ಮಾಡಿದ ಕ್ಷಣ ಕಿಲ್ ವೈರು ಬ್ಯಾಟರಿಗೆ ಸೇರುತ್ತೆ. ಸಿಡಿಐ ಒಳಗೆ ತುಂಬಿಕೊಳ್ಳಬೇಕಿದ್ದ ಶಕ್ತಿ ಬ್ಯಾಟರಿ ಮೂಲಕವೇ ಬಾಡಿಗೆ ಹರಿದು ಹೋಗುತ್ತೆ. ಕಿಡಿ ಇಲ್ಲ. ಕೆಲವೊಮ್ಮೆ ಡಬ್ಬೀನೇ ಸುಟ್ಟು ಹೋಗುತ್ತೆ, ಅದು ದುಬಾರಿ ಪಾಠ. ಇದರ ಗುರುತು ವಿಚಿತ್ರ: ಕೀ ಆನಲ್ಲಿ ಸ್ಪಾರ್ಕ್ ಇಲ್ಲ, ಕೀ ಆಫ್ ಮಾಡಿ ಕಿಕ್ ಹೊಡೆದ್ರೆ ಸ್ಪಾರ್ಕ್ ಬರುತ್ತೆ. ಯಾರಾದ್ರೂ ಹಾಗೆ ಹೇಳಿದ್ರೆ ನಗಬೇಡಿ, ಅವನು ಸುಳ್ಳು ಹೇಳ್ತಿಲ್ಲ. ಸಮಸ್ಯೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸ್ತಿದ್ದಾನೆ.

ಪರೀಕ್ಷೆ ಸುಲಭ, ಖರ್ಚು ಸೊನ್ನೆ. ಸಿಡಿಐ ಡಬ್ಬಿ ಹತ್ರ ಕಿಲ್ ವೈರನ್ನ ಬಿಚ್ಚಿ, ತುದಿ ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ. ಜೆಕ್ ದೇಶದ ವೇಪ್ ಕಿಟ್ಟಾದ್ರೆ ಅದು ನೀಲಿ–ಬಿಳಿ ವೈರು. (ಜಾವಾ ಹುಟ್ಟಿದ್ದೂ ಅದೇ ದೇಶದಲ್ಲಿ, 1929ರಲ್ಲಿ. ಮೊಮ್ಮಗನಿಗೆ ತವರಿನಿಂದ ಔಷಧಿ ಬಂದ ಹಾಗೆ.) ಬೇರೆ ಕಿಟ್ಟಾದ್ರೆ ಬಣ್ಣ ನಂಬಬೇಡಿ, ಡಬ್ಬಿ ಜೊತೆ ಬಂದ ಕಾಗದ ಓದಿ. ಇನ್ಯಾರದೋ ಪೋಸ್ಟಿನ ಡಯಾಗ್ರಾಂ ನೋಡಿ ನಿಮ್ಮ ಕಿಟ್ಟಿಗೆ ವೈರಿಂಗ್ ಮಾಡೋದು, ಪಕ್ಕದ ಮನೆಯವರ ಕನ್ನಡಕ ಹಾಕ್ಕೊಂಡು ರಸ್ತೆ ದಾಟಿದ ಹಾಗೆ.

ಈಗ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಕಬ್ಬಿಣದ ಮೈಯನ್ನ ಸಿಲಿಂಡರ್ ಹೆಡ್ಡಿಗೆ ಒತ್ತಿ ಹಿಡಿಯೋ ವ್ಯವಸ್ಥೆ ಮಾಡಿ ಕಿಕ್ ಹೊಡೀರಿ. ಪ್ಲಗ್ ತೂತಿನಿಂದ ದೂರ ಇರಲಿ. ಆ ತೂತಿಂದ ಪೆಟ್ರೋಲಿನ ಹಬೆ ಹೊರಗೆ ಬರ್ತಾ ಇರುತ್ತೆ, ಪಕ್ಕದಲ್ಲೇ ಕಿಡಿ ಹಾರಿಸಿದ್ರೆ ಕಣ್ಣುಹುಬ್ಬು ಹೋಗುತ್ತೆ, ನಸೀಬು ಕೆಟ್ಟಿದ್ರೆ ಶೆಡ್ಡೂ ಹೋಗುತ್ತೆ. ಇನ್ನೊಂದು: ಕ್ಯಾಪನ್ನ ಸುಮ್ಮನೆ ಗಾಳಿಯಲ್ಲಿ ನೇತುಬಿಟ್ಟು ಕಿಕ್ ಹೊಡೀಬೇಡಿ. ಹೊರಗೆ ಹೋಗೋಕೆ ದಾರಿ ಸಿಗದ ವೋಲ್ಟೇಜು ಕಾಯಿಲಿನ ಒಳಗೇ ದಾರಿ ಮಾಡ್ಕೊಳ್ಳುತ್ತೆ.

ಸ್ಪಾರ್ಕ್ ಬಂತಾ? ಹಾಗಾದ್ರೆ ಕಿಟ್ ಸರಿಯಾಗಿದೆ, ತಪ್ಪು ಸ್ವಿಚ್ಚಲ್ಲೋ ವೈರಿಂಗಲ್ಲೋ ಇದೆ. ಹಳೇ ಸ್ವಿಚ್ಚಲ್ಲಿ ಆಫ್ ಆದಾಗ ಬಾಡಿಗೆ ಮುಟ್ಟಿಸೋ ಕಾಂಟ್ಯಾಕ್ಟ್ ಸಿಗದಿದ್ರೆ ತಲೆ ಕೆಡಿಸ್ಕೋಬೇಡಿ, ಹ್ಯಾಂಡಲಿಗೆ ಒಂದು ಕಿಲ್ ಬಟನ್ ಹಾಕಿ. ಒಂದು ಎಚ್ಚರಿಕೆ: ಕಿಲ್ ವೈರ್ ಬಿಚ್ಚಿಟ್ಟು ಗಾಡಿ ಸ್ಟಾರ್ಟ್ ಮಾಡಿದ್ರೆ ಕೀ ತಿರುಗಿಸಿದ್ರೂ ಅದು ನಿಲ್ಲಲ್ಲ. ಗಾಬರಿಯಾಗಿ ಪ್ಲಗ್ ಕ್ಯಾಪ್ ಕೀಳೋಕೆ ಹೋಗಬೇಡಿ, ಹೊಡೆತ ಗ್ಯಾರಂಟಿ. ಗೇರ್ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಡಿ, ನಿಲ್ಲುತ್ತೆ.

ಇದು ನಮ್ಮ ಮೈಸೂರು ಗಾಡಿಗಷ್ಟೇ ಬಂದ ರೋಗ ಅಂದ್ಕೋಬೇಡಿ. ಅಮೆರಿಕದಲ್ಲಿ ಯಮಹಾ ಬ್ಯಾನ್ಶೀ ಅಂತ ಟೂ ಸ್ಟ್ರೋಕ್ ಕ್ವಾಡ್ ಇತ್ತು, 347 ಸಿಸಿ, ಎರಡು ಸಿಲಿಂಡರ್. ಥ್ರಾಟಲ್ ಅಂಟಿಕೊಂಡ್ರೆ ಸ್ಪಾರ್ಕ್ ಕಡಿದು ಗಾಡಿ ನಿಲ್ಲಿಸೋಕೆ ಅಂತ ಅದರ ವೈರಿಂಗಲ್ಲಿ ಕಂಪನಿಯವರೇ ಒಂದು ಸುರಕ್ಷತಾ ಸರ್ಕ್ಯೂಟ್ ಇಟ್ಟಿದ್ದರು. ಕಾರ್ಬೊರೇಟರ್, ಇಗ್ನಿಷನ್ ಎಲ್ಲ ಬದಲಾಯಿಸಿ ಆ ಸರ್ಕ್ಯೂಟನ್ನ ಅರ್ಧಂಬರ್ಧ ಬಿಟ್ಟವರ ಗಾಡಿಯಲ್ಲೂ ಇದೇ ರಾಮಾಯಣ. ಎಂಜಿನ್ ಹುಷಾರಾಗೇ ಇರುತ್ತೆ, ಯಾವುದೋ ಮರೆತ ವೈರು ಬೇಡ ಬೇಡ ಅಂತಿರುತ್ತೆ.

ಭಾಗ 4/8

ಕಿಲ್ ವೈರ್ ಬಿಚ್ಚಿದ್ರೂ ಸ್ಪಾರ್ಕ್ ಇಲ್ವಾ? ಈಗ ನಿಮ್ಮ ಚೆಂದದ ಪೇಂಟ್ ಕಡೆ ನೋಡಿ.

ಗಾಡಿ ರೆಸ್ಟೋರ್ ಮಾಡೋರು ಮೊದಲು ಮಾಡೋದೇ ಫ್ರೇಮಿಗೆ ಪೌಡರ್ ಕೋಟಿಂಗ್. ಫೋಟೋಗೆ ಸೂಪರ್. ಆದ್ರೆ ಪೌಡರ್ ಕೋಟಿಂಗ್ ಅಂದ್ರೆ ಪ್ಲಾಸ್ಟಿಕ್ ಹೊದಿಕೆ, ಕರೆಂಟು ಹರಿಯಲ್ಲ. ಹಳೇ ಗಾಡಿಯಲ್ಲಿ ಕಾಯಿಲ್, ಎಂಜಿನ್, ಫ್ರೇಮ್ ಎಲ್ಲ ಬೋಲ್ಟಿನ ಮೂಲಕವೇ ಒಂದಕ್ಕೊಂದು ಅರ್ತ್ ಆಗ್ತಿದ್ವು. ನೀವು ತೂತಿನ ಒಳಗೂ ಬಣ್ಣ ಬಳಿಸಿ ಮಧ್ಯೆ ಗೋಡೆ ಕಟ್ಟಿದೀರಿ. ಹೊಸ ಕಾಯಿಲ್ ಆ ಹೊಳೆಯೋ ಗೋಡೆ ಮೇಲೆ ಕೂತು ದಾರಿ ಕಾಣದೆ ಒದ್ದಾಡುತ್ತೆ.

ಮಲ್ಟಿಮೀಟರಿನ ಒಂದು ಮೂತಿ ಸಿಲಿಂಡರ್ ಹೆಡ್ಡಿಗೆ, ಇನ್ನೊಂದು ಕಾಯಿಲಿನ ಅರ್ತ್ ಬೋಲ್ಟಿಗೆ. ಸೊನ್ನೆ ಹತ್ರ ಓದಬೇಕು. ಆಮೇಲೆ ಅದೇ ರೀತಿ ಹೆಡ್ಡಿಂದ ಫ್ರೇಮಿಗೆ, ಸಿಡಿಐ ಅರ್ತ್ ವೈರಿಗೆ. ಎಲ್ಲಿ ರೀಡಿಂಗ್ ಏರುತ್ತೋ ಅಲ್ಲಿ ಬಣ್ಣ ಕೆರೆದು, ಎಂಜಿನ್ನಿಂದ ಕಾಯಿಲಿಗೆ ನೇರ ಒಂದು ದಪ್ಪ ಅರ್ತ್ ವೈರ್ ಎಳೆಯಿರಿ. ನಾನಂತೂ ಕೋಟಿಂಗ್ ಇರಲಿ ಇಲ್ಲದಿರಲಿ ಈ ವೈರ್ ಹಾಕಲೇಬೇಕು ಅನ್ನೋ ಪಕ್ಷ. ಅರ್ಧ ಮೀಟರ್ ವೈರಿನ ಬೆಲೆ ಒಂದು ಟೀ ಕಾಫಿ ಲೆಕ್ಕ.

ಪ್ಲಗ್ ಮತ್ತು ಕ್ಯಾಪ್ ಬಗ್ಗೆ ಒಂದೇ ಮಾತು. ಎನ್‌ಜಿಕೆ ಪ್ಲಗ್ಗಿನ ನಂಬರಿನಲ್ಲಿ "ಆರ್" ಅಕ್ಷರ ಇದ್ರೆ ಒಳಗೆ ರೆಸಿಸ್ಟರ್ ಇದೆ ಅಂತ. ಕಿಟ್ ಜೊತೆ ಬರೋ ಕ್ಯಾಪಲ್ಲೂ ರೆಸಿಸ್ಟರ್ ಇರಬಹುದು. ಎರಡೂ ಕಡೆ ಬೇಡ, ಒಂದು ಕಡೆ ಸಾಕು. ಹಳೇ ಕ್ಯಾಪಿದ್ರೆ ಮೀಟರ್ ಇಟ್ಟು ನೋಡಿ. ಅದರ ಮೇಲೆ 5 ಕಿಲೋ ಓಮ್ ಅಂತಿದ್ದು ಮೀಟರಲ್ಲಿ ಏನೂ ತೋರಿಸದಿದ್ರೆ ಕ್ಯಾಪ್ ಸತ್ತಿದೆ. ಸಿಡಿಐ ಮೇಲೆ ಅನುಮಾನ ಪಡೋಕೆ ಮುಂಚೆ ಕ್ಯಾಪ್ ಮೇಲೆ ಪಡಿ, ಅದು ಅಗ್ಗ.

ಹಾಂ, ಇನ್ನೊಂದು ಜಾತಿಯ ತಪ್ಪು. ಹಳೇ ಪಾಯಿಂಟಿನ ಕಾಯಿಲ್ ನೋಡೋಕೆ ಚೆನ್ನಾಗಿದೆ ಅಂತ ಅದನ್ನೇ ಸಿಡಿಐಗೆ ಕೊಡೋದು. ಎರಡೂ ಕಾಯಿಲೇ, ಕೆಲಸ ಬೇರೆ. ಪಾಯಿಂಟಿನ ಕಾಯಿಲ್ ನಿಧಾನಕ್ಕೆ ತುಂಬಿಕೊಳ್ಳೋದು, ಸಿಡಿಐದು ಒಂದೇ ಏಟಿಗೆ ಸಿಡಿಯೋದು. ಹಾಗೇ ಬೇರೆ ಗಾಡಿಯ ಸಿಡಿಐ ಡಬ್ಬಿ ಕನೆಕ್ಟರ್ ಕೂತ್ಕೊಳ್ತು ಅಂತ ಹಾಕೋದೂ ಬೇಡ. ಕೆಲವು ಡಬ್ಬಿ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತೆ, ಕೆಲವು ಮ್ಯಾಗ್ನೆಟ್ಟಿಂದ. ಪ್ಲಾಸ್ಟಿಕ್ ಕೂತ ಮಾತ್ರಕ್ಕೆ ಸಂಬಂಧ ಕೂಡಿ ಬರಲ್ಲ. "ರೇಸಿಂಗ್ ಸಿಡಿಐ" ಅಂತ ಕೆಂಪು ಸ್ಟಿಕ್ಕರ್ ಇದ್ರೂ ಅಷ್ಟೇ. ಸ್ಟಾರ್ಟ್ ಆಗೋ ವಿಷಯದಲ್ಲಿ ಆ ಸ್ಟಿಕ್ಕರಿನಿಂದ ಒಂದು ಕಿಕ್ಕೂ ಉಳಿಯಲ್ಲ.

ಭಾಗ 5/8

"ಸ್ಪಾರ್ಕ್ ಚೆನ್ನಾಗಿ ಬರ್ತಿದೆ, ಆದ್ರೂ ಸ್ಟಾರ್ಟ್ ಆಗ್ತಿಲ್ಲ." ಇದು ಹೇಳಿದ ಕೂಡಲೇ ಎಲ್ಲರೂ ಕಾರ್ಬೊರೇಟರ್ ಬಿಚ್ಚೋಕೆ ಓಡ್ತಾರೆ. ನಿಲ್ಲಿ ಗುರು. ಕಾರ್ಬೊರೇಟರ್ ನೀವು ಮುಟ್ಟಿಲ್ಲ. ಮುಟ್ಟಿದ್ದು ಇಗ್ನಿಷನ್. ಕಿಡಿ ಬರ್ತಿದೆ ಅನ್ನೋದು ಅರ್ಧ ಉತ್ತರ, ಯಾವಾಗ ಬರ್ತಿದೆ ಅನ್ನೋದು ಉಳಿದರ್ಧ.

ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಕೆಲವು ಮಿಲಿಮೀಟರ್ ಇರುವಾಗ ಕಿಡಿ ಬೀಳಬೇಕು. ಎಷ್ಟು ಅಂತ ಕಿಟ್ಟಿನ ಕಾಗದದಲ್ಲಿ ನಿಮ್ಮ ಮಾಡೆಲ್ಲಿಗೆ ತಕ್ಕ ಹಾಗೆ ಬರೆದಿರುತ್ತೆ. ಜಾವಾ 250ರಲ್ಲಿ ಬೋರ್ 65 ಮಿಮೀ, ಸ್ಟ್ರೋಕ್ 75 ಮಿಮೀ. ಈ ಲೆಕ್ಕದಲ್ಲಿ ಆ ಜಾಗದಲ್ಲಿ ಒಂದೇ ಒಂದು ಮಿಲಿಮೀಟರ್ ತಪ್ಪಿದ್ರೆ ಕ್ರ್ಯಾಂಕಿನಲ್ಲಿ ಮೂರು ಡಿಗ್ರಿಗಿಂತ ಹೆಚ್ಚು ತಪ್ಪಿದ ಹಾಗೆ. ಕಣ್ಣಂದಾಜು, ಸ್ಕ್ರೂಡ್ರೈವರ್ ತೂತಲ್ಲಿ ಇಳಿಬಿಟ್ಟು ನೋಡೋದು, ಇದ್ಯಾವುದೂ ಸಾಲದು. ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ. ನಮ್ಮ ವರ್ಕ್‌ಶಾಪ್ ಲ್ಯಾಬಿನ ಬೀರುವಿನಲ್ಲಿ ಡಯಲ್ ಗೇಜ್ ಧೂಳು ತಿಂತಾ ಕೂತಿರೋದು ಯಾವುದಕ್ಕೆ ಅಂದ್ಕೊಂಡ್ರಿ?

ಪಿಸ್ಟನ್ನನ್ನ ಮೇಲಿನ ತುದಿಗೆ ತಂದು ಗೇಜನ್ನ ಸೊನ್ನೆ ಮಾಡಿ, ಎಂಜಿನ್ನನ್ನ ಹಿಂದಕ್ಕೆ ತಿರುಗಿಸಿ ಹೇಳಿದ ಮಿಲಿಮೀಟರಿಗಿಂತ ಸ್ವಲ್ಪ ದಾಟಿಸಿ, ಮತ್ತೆ ಮುಂದಕ್ಕೆ ತನ್ನಿ. ಆ ಜಾಗದಲ್ಲಿ ರೋಟರಿನ ಗುರುತು ಸ್ಟೇಟರಿನ ಗುರುತಿಗೆ ಎದುರಾಗಬೇಕು. ಎಂಜಿನ್ ಯಾವ ದಿಕ್ಕಿಗೆ ತಿರುಗುತ್ತೆ ಅಂತ ಮೊದಲು ನೋಡ್ಕೊಳ್ಳಿ. ದಿಕ್ಕು ತಪ್ಪಿದ್ರೆ ಪಿಸ್ಟನ್ ಕೆಳಗಿಳಿಯೋವಾಗ ಕಿಡಿ ಬೀಳುತ್ತೆ.

ಕೆಲವು ಕಿಟ್ಟಿನ ರೋಟರಲ್ಲಿ ಕೀ ಸೀಳು ಇರಲ್ಲ, ಬರೀ ಇಳಿಜಾರು ಶಾಫ್ಟಿನ ಹಿಡಿತದ ಮೇಲೆ ನಿಂತಿರುತ್ತೆ. ಅಲ್ಲಿ ಒಂದು ಹನಿ ಎಣ್ಣೆ, ಚೂರು ಗ್ರೀಸ್ ಇದ್ರೂ ಜಾರುತ್ತೆ. ಎರಡೂ ಮೈಯನ್ನ ಥಿನ್ನರಲ್ಲಿ ಒರೆಸಿ ಒಣಗಿಸಿ ಆಮೇಲೆ ಬಿಗೀರಿ. ನಿನ್ನೆ ಸ್ಟಾರ್ಟ್ ಆಗಿತ್ತು, ಒಂದ್ಸಲ ಕಿಕ್ ಒದ್ದು ವಾಪಸ್ ಹೊಡೀತು, ಅಲ್ಲಿಂದ ಸತ್ತೇ ಹೋಯ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ಕೇಳೋದೇ ಇದು: ರೋಟರ್ ಜಾರಿದೆಯಾ ನೋಡಿದ್ಯಾ? ರೋಟರ್ ಅರ್ಧ ಸುತ್ತು ಆಚೆ ಕೂತ್ರಂತೂ ಪಿಸ್ಟನ್ ಕೆಳಗಿದ್ದಾಗ, ಪೋರ್ಟುಗಳೆಲ್ಲ ಬಾಯಿ ತೆರೆದಿದ್ದಾಗ ಕಿಡಿ ಬೀಳುತ್ತೆ. ಹೊರಗೆ ಹಿಡಿದು ನೋಡಿದ್ರೆ ಅದೇ ನೀಲಿ ಕಿಡಿ, ಅದೇ ಚಟ್ ಶಬ್ದ. ಪ್ರಯೋಜನ ಸೊನ್ನೆ.

ಟೈಮಿಂಗ್ ವಿಪರೀತ ಮುಂದಕ್ಕೆ ಹೋದ್ರೆ ಟೂ ಸ್ಟ್ರೋಕ್ ಎಂಜಿನ್ ಉಲ್ಟಾ ಸ್ಟಾರ್ಟ್ ಆಗೋ ಸಾಧ್ಯತೆ ಕೂಡ ಇದೆ, ತಮಾಷೆ ಅಲ್ಲ. ಪಿಸ್ಟನ್ನೇ ಪೋರ್ಟ್ ತೆರೆದು ಮುಚ್ಚೋ ಈ ಎಂಜಿನ್ನಿಗೆ ಯಾವ ದಿಕ್ಕಾದ್ರೂ ನಡೆಯುತ್ತೆ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ರೆ ಗಾಡಿ ಹಿಂದಕ್ಕೆ! ರೀಲ್ಸಿಗೆ ಒಳ್ಳೇ ಕಂಟೆಂಟು, ಹಿಂದೆ ನಿಂತವನಿಗೆ ಒಳ್ಳೇದಲ್ಲ.

ಒಂದು ಸಣ್ಣ ವಿಷಯ, ಯಾರೂ ಹೇಳಲ್ಲ. ಹೊಸ ರೋಟರಿನ ಮ್ಯಾಗ್ನೆಟ್ ಬಲವಾಗಿರುತ್ತೆ. ಬೆಂಚಿನ ಮೇಲಿಟ್ರೆ ವಾಷರ್, ಸ್ಕ್ರೂ, ಕಬ್ಬಿಣದ ಪುಡಿ ಎಲ್ಲ ಒಳಗೆ ಅಂಟ್ಕೊಂಡು ಕೂತ್ಕೊಳ್ಳುತ್ತೆ. ಕೂರಿಸೋ ಮುಂಚೆ ಒಳಗೆ ಬೆರಳಾಡಿಸಿ. ಒಂದು ವಾಷರ್ ಸಾಕು, ಸ್ಟೇಟರಿನ ಸುರುಳಿ ಹರಿಯೋಕೆ.

ಭಾಗ 6/8

ಇಷ್ಟೆಲ್ಲ ಸರಿ ಮಾಡಿದ ಮೇಲೂ ಎದ್ದೇಳಲ್ಲ ಅಂದ್ರೆ, ಬಹುಶಃ ನೀವೇ ಅದನ್ನ ಮುಳುಗಿಸಿದೀರಿ.

ಟೂ ಸ್ಟ್ರೋಕಲ್ಲಿ ಪೆಟ್ರೋಲ್–ಗಾಳಿ ನೇರ ಸಿಲಿಂಡರಿಗೆ ಹೋಗಲ್ಲ, ಮೊದಲು ಕ್ರ್ಯಾಂಕ್‌ಕೇಸಿಗೆ ಇಳಿದು ಅಲ್ಲಿಂದ ಮೇಲಕ್ಕೆ ಏರೋದು. ಸ್ಪಾರ್ಕ್ ಇಲ್ಲದ ಗಾಡಿಗೆ ಕಾಕ್ ತೆರೆದಿಟ್ಟು ಚೋಕ್ ಎಳೆದು ಐವತ್ತು ಕಿಕ್ ಹೊಡೆದ್ರೆ ಆ ಪೆಟ್ರೋಲೆಲ್ಲ ಎಲ್ಲಿ ಹೋಯ್ತು ಅಂದ್ಕೊಂಡ್ರಿ? ಕೆಳಗೆ ಕೂತಿದೆ. ಈಗ ಸ್ಪಾರ್ಕ್ ಬಂದ್ರೂ ಪ್ಲಗ್ ಒದ್ದೆ, ಬರೋ ಗಾಳಿ ಒದ್ದೆ. ಅದಕ್ಕೇ ಎಷ್ಟೋ ಸಲ ತಪ್ಪು ಸರಿಯಾಗಿ ಸಿಕ್ಕಿರುತ್ತೆ, ಸರಿಯಾಗಿರೋದು ಗೊತ್ತಾಗಲ್ಲ, ಸರಿಯಾದದ್ದನ್ನ ಮತ್ತೆ ಬಿಚ್ಚಿ ಕೆಡಿಸ್ತಾರೆ.

ಕಾಕ್ ಮುಚ್ಚಿ, ಚೋಕ್ ಆಫ್, ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು ಹತ್ತಿಪ್ಪತ್ತು ಕಿಕ್. ಕಿಲ್ ವೈರ್ ಬಾಡಿಗೆ ಮುಟ್ಟಿಸಿಡಿ, ಈ ಹೊತ್ತಲ್ಲಿ ಕಿಡಿ ಬೇಡ. ತೂತಿಂದ ಹಬೆ ಬರೋದು ನಿಂತ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಡಿ, ಹೋಗಿ ಟೀ ಕುಡಿದು ಬನ್ನಿ. ಆಮೇಲೆ ಬಾಡಿಗೆ ಮುಟ್ಟಿಸಿದ ಕಿಲ್ ವೈರ್ ಬಿಡಿಸಿ, ಒಣಗಿದ ಹೊಸ ಪ್ಲಗ್ ಹಾಕಿ, ಕಾಕ್ ಇನ್ನೂ ಮುಚ್ಚಿಟ್ಟೇ ಕಿಕ್ ಹೊಡೀರಿ. ಒಳಗೆ ಉಳಿದಿರೋದರಲ್ಲೇ ಒಂದೆರಡು ಸಲ ಕೆಮ್ಮುತ್ತೆ. ಕೆಮ್ಮಿತು ಅಂದ್ರೆ ಕಾಕ್ ತೆರೀರಿ.

ಪ್ಲಗ್ ಹೊರಗಿದ್ದಾಗ ಸ್ಪಾರ್ಕ್ ಇದೆ, ಪ್ಲಗ್ ಹಾಕಿದ್ರೆ ಇಲ್ಲ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಪ್ಲಗ್ ಇಲ್ಲದಾಗ ಎಂಜಿನ್ ಹಗುರ, ಕ್ರ್ಯಾಂಕ್ ಜೋರಾಗಿ ತಿರುಗುತ್ತೆ. ಪ್ಲಗ್ ಹಾಕಿದ್ರೆ ಕಂಪ್ರೆಷನ್ ತಡೆಯುತ್ತೆ, ಕಿಕ್ ನಿಧಾನ ಆಗುತ್ತೆ. ಮ್ಯಾಗ್ನೆಟ್ಟಿಂದ ನಡೆಯೋ ಕೆಲವು ಸಿಡಿಐಗಳು ಒಂದು ವೇಗಕ್ಕಿಂತ ಕೆಳಗೆ ಕಿಡಿಯನ್ನೇ ಕೊಡಲ್ಲ. ಪಾಯಿಂಟಿನ ಕಾಲದಲ್ಲಿ ಮೆತ್ತಗೆ ಒತ್ತಿದ್ರೂ ನಡೀತಿತ್ತು, ಈಗ ಮನಸ್ಸಿಟ್ಟು ಒದೀಬೇಕು.

ಭಾಗ 7/8

ಈಗ ಮೊದಲ ಭಾಗದಲ್ಲಿ ಹೇಳಿದ್ದಕ್ಕೆ ಬರ್ತೀನಿ. ಕಿಟ್ ಹಾಕಿದ್ದು ಯಾಕೆ?

ನಮ್ಮ ಕ್ಲಾಸಿನವನೊಬ್ಬನ ಮನೇಲಿ ರೋಡ್‌ಕಿಂಗ್ ಇದೆ, ಅವನ ತಾತ ತಗೊಂಡಿದ್ದು. ಬೆಳಿಗ್ಗೆ ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್. ಹತ್ತು ಕಿಲೋಮೀಟರ್ ಓಡಿ ಬಿಸಿಯಾಗಿ ಸಿಗ್ನಲ್ಲಲ್ಲಿ ಆಫ್ ಆದ್ರೆ ಮುಗೀತು, ಅರ್ಧ ಗಂಟೆ ಕಾಯಬೇಕು. ಓಡ್ತಿರುವಾಗ ಥ್ರಾಟಲ್ ಬಿಟ್ರೂ ಐಡ್ಲಿಂಗ್ ತಾನಾಗೇ ಮೇಲಕ್ಕೇರುತ್ತೆ, ಇಳಿಯಲ್ಲ. ಒಂದು ಗ್ಯಾರೇಜಿನಲ್ಲಿ ಗಾಡಿಯನ್ನ ಸ್ಟ್ಯಾಂಡ್ ಹಾಕೋಕೂ ಬಿಡದೆ ತೀರ್ಪು ಕೊಟ್ಟರು: ಪಾಯಿಂಟ್ ಹೋಗಿದೆ, ಸಿಡಿಐ ಹಾಕಿ. ಹಾಕಿದ್ರು. ಮೊದಲ ದಿನ ಸ್ವರ್ಗ, ಆಮೇಲೆ ಅದೇ ಹಳೇ ಹಾಡು, ಮೇಲಿಂದ ಈಗ ತಣ್ಣಗಿದ್ರೂ ಎದ್ದೇಳ್ತಿಲ್ಲ.

ಕಿಟ್ ಕೆಟ್ಟಿರಲಿಲ್ಲ. ರೋಟರ್ ಬಿಚ್ಚಿದಾಗ ಅದರ ಹಿಂದೆ ಪೂರ್ತಿ ಜಿಡ್ಡು, ಪೆಟ್ರೋಲ್ ಬೆರೆತ ಆಯಿಲ್. ಕ್ರ್ಯಾಂಕಿನ ಆಯಿಲ್ ಸೀಲ್ ವಯಸ್ಸಾಗಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಟೂ ಸ್ಟ್ರೋಕಿನ ಕ್ರ್ಯಾಂಕ್‌ಕೇಸ್ ಅಂದ್ರೆ ಅದರ ಶ್ವಾಸಕೋಶ, ಗಾಳಿ ಸೋರಬಾರದು. ಬಲಗಡೆ, ಡೈನಮೋ ಕಡೆ ಸೀಲ್ ಹೋದ್ರೆ ಹೊರಗಿನ ಗಾಳಿ ಎಳ್ಕೊಳ್ಳುತ್ತೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ: ಐಡ್ಲಿಂಗ್ ಏರುತ್ತೆ, ಬಿಸಿಯಾಗುತ್ತೆ, ಬಿಸಿಯಲ್ಲಿ ಸ್ಟಾರ್ಟ್ ಆಗಲ್ಲ. ಹಾಗೇ ಓಡಿಸ್ತಾ ಹೋದ್ರೆ ಒಂದಿನ ಪಿಸ್ಟನ್ ಸೀಜ್. ಎಡಗಡೆ, ಕ್ಲಚ್ ಕಡೆ ಸೀಲ್ ಹೋದ್ರೆ ಅಲ್ಲಿನ ಆಯಿಲ್ ಎಳ್ಕೊಂಡು ಸೈಲೆನ್ಸರಿಂದ ಹೊಗೆ ಮೋಡ.

ನನಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ, ಕಿಟ್ ಹಾಕೋಕೆ ಡೈನಮೋ ಬಿಚ್ಚಿದಾಗ ಆ ಸೀಲು ಕಣ್ಣೆದುರೇ ಇತ್ತು. ಆ ಜಿಡ್ಡನ್ನ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಹೊಸ ರೋಟರ್ ಕೂರಿಸಿದ್ದಾರೆ. ಜಾರೋ ಶಾಫ್ಟಿನ ಮೇಲೆ ಕೂತ ರೋಟರ್ ಜಾರಿ ಟೈಮಿಂಗೂ ಹೋಯ್ತು. ಸೀಲು ಬದಲಾಯ್ತು, ಶಾಫ್ಟ್ ಒರೆಸಿ ಟೈಮಿಂಗ್ ಇಟ್ಟಾಯ್ತು, ಗಾಡಿ ನಡೀತು. ಆ ಸೀಲಿನ ಬೆಲೆ ಕಿಟ್ಟಿನ ಮುಂದೆ ಚಿಲ್ಲರೆ.

ಬಿಸಿಯಾದಾಗ ನಿಲ್ಲೋದಕ್ಕೆ ಕಂಡೆನ್ಸರೋ ಕಾಯಿಲೋ ಕಾರಣ ಆಗಲ್ಲ ಅಂತ ನಾನು ಹೇಳ್ತಿಲ್ಲ. ಆಗುತ್ತೆ, ಬೇಕಾದಷ್ಟು ಸಲ. ಆದ್ರೆ ಅದನ್ನ ತಿಳ್ಕೊಳ್ಳೋಕೆ ಗಾಡಿ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ ಸ್ಪಾರ್ಕ್ ನೋಡಬೇಕು. ಎರಡು ನಿಮಿಷದ ಕೆಲಸ. ಆಗ ಕಿಡಿ ಚೆನ್ನಾಗಿದ್ರೆ ಇಗ್ನಿಷನ್ ನಿರಪರಾಧಿ, ಕಿಟ್ ಹಾಕೋ ಮಾತೇ ಇಲ್ಲ. ಕಿಡಿ ಇಲ್ಲದಿದ್ರೆ ಆಗ ಕಂಡೆನ್ಸರ್, ಆಗ ಕಾಯಿಲ್. ಈ ಎರಡು ನಿಮಿಷ ಅಲ್ಲಿ ಯಾರೂ ಕೊಡಲಿಲ್ಲ, ಗ್ಯಾರೇಜಿನವರೂ ಇಲ್ಲ, ಮನೆಯವರೂ ಇಲ್ಲ. ಪಾರ್ಟ್ ಬದಲಾಯಿಸೋದು ರಿಪೇರಿ ಅಂತ ನಾವೆಲ್ಲ ಒಪ್ಕೊಂಡುಬಿಟ್ಟಿದೀವಿ. ಮೊಬೈಲಿಗೆ ಸರಿ ಇರಬಹುದು. 1980ರ ಗಾಡಿಗೆ ಪಾರ್ಟ್ ಬದಲಾಯಿಸ್ತಾ ಹೋದ್ರೆ ಕೊನೆಗೆ ಉಳಿಯೋದು ನಂಬರ್ ಪ್ಲೇಟ್ ಮಾತ್ರ.

ಭಾಗ 8/8

ಹಾಗಾದ್ರೆ ನಾನು ಕಿಟ್ ವಿರೋಧಿನಾ? ಅಲ್ಲ. ಹಿರಿಯರ ಒಂದು ಗುಂಪಿದೆ, ಪಾಯಿಂಟ್ ಬಿಟ್ಟು ಬೇರೆ ಹಾಕಿದ್ರೆ ಅದು ಜಾವಾನೇ ಅಲ್ಲ ಅನ್ನೋರು. ಅವರ ಮೇಲೆ ಗೌರವ ಇದೆ, ಮಾತು ಒಪ್ಪಲ್ಲ. ರಾತ್ರಿ ಮಳೆಯಲ್ಲಿ ಹಾಸನದ ಕಡೆಯಿಂದ 6 ವೋಲ್ಟ್ ಹೆಡ್‌ಲೈಟಲ್ಲಿ ಬಂದು ನೋಡಿ. ಎದುರಿನ ಲಾರಿಯವನಿಗೆ ನೀವು ಮಿಣುಕುಹುಳ. 12 ವೋಲ್ಟ್ ಲೈಟು, ಬ್ಯಾಟರಿ ಸತ್ರೂ ನಿಲ್ಲದ ಎಂಜಿನ್, ಸವೆಯೋ ಪಾಯಿಂಟಿನ ಕಾಟ ಇಲ್ಲ: ಇವೆಲ್ಲ ನಿಜವಾದ ಲಾಭ. ದಿನಾ ಓಡಿಸೋ ಗಾಡಿಗೆ ಒಳ್ಳೇ ಕಿಟ್ ಹಾಕಿ ಅಂತಲೇ ನಾನು ಹೇಳೋದು. (ಬಲ್ಬು, ಹಾರ್ನು, ಬ್ಯಾಟರಿ ಎಲ್ಲ 12 ವೋಲ್ಟಿಂದೇ ಹಾಕಿ. ಹಳೇ 6 ವೋಲ್ಟ್ ಬಲ್ಬ್ ಬಿಟ್ರೆ ಮೊದಲ ರೇಸಿಗೇ ಪಟ್ ಅನ್ನುತ್ತೆ.) ವರ್ಷಕ್ಕೊಂದ್ಸಲ ಜುಲೈ ಭಾನುವಾರ ಮಾತ್ರ ಹೊರಗೆ ತೆಗೆಯೋ ಗಾಡಿಗೆ ನನ್ನ ಪ್ರಕಾರ ಬೇಡ. ಒಂದು ಸೆಟ್ ಪಾಯಿಂಟ್, ಒಂದು ಕಂಡೆನ್ಸರ್, ಸಾಣೆ ಕಾಗದ, ಫೀಲರ್ ಗೇಜ್, ಒಂದು ಭಾನುವಾರ. ಅಷ್ಟು ಸಾಕು.

ಕೊನೆಯದಾಗಿ ಬಿಚ್ಚಿದ ಹಳೇ ಸಾಮಾನಿನ ವಿಷಯ, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಕಿಟ್ ಹಾಕಿದ ಮೇಲೆ ಹಳೇ ಡೈನಮೋ, ಆರ್ಮೇಚರ್, ಪಾಯಿಂಟ್ ಪ್ಲೇಟ್ ಎಲ್ಲ ಗ್ಯಾರೇಜಿನ ಮೂಲೆಗೆ ಬೀಳುತ್ತೆ. ಒಂದು ತಿಂಗಳಲ್ಲಿ ಗುಜರಿ. ಒಳಗಿರೋ ತಾಮ್ರದ ತೂಕಕ್ಕೆ ದುಡ್ಡು. ಅದನ್ನ ಮಾಡ್ತಿದ್ದ ಫ್ಯಾಕ್ಟರಿ 1996ರಲ್ಲೇ ಮುಚ್ಚಿದೆ, ಗುಜರಿಗೆ ಹೋದದ್ದು ಆ ಬಾಗಿಲಿಂದ ಮತ್ತೆ ಬರಲ್ಲ. ಕಿಟ್ ಹಾಕಿಸುವಾಗ ಗ್ಯಾರೇಜಿನಲ್ಲಿ ನಿಂತ್ಕೊಂಡು ಹೇಳಿ: ಅಣ್ಣ, ಬಿಚ್ಚಿದ್ದೆಲ್ಲ ನನಗೆ ವಾಪಸ್ ಬೇಕು. ಆರ್ಮೇಚರನ್ನ ಸುತ್ತಿಗೆಯಿಂದ ಹೊಡೆದು ತೆಗೀಬೇಡಿ, ಪುಲ್ಲರ್ ಬೋಲ್ಟಲ್ಲಿ ತೆಗೀರಿ ಅಂತಲೂ ಹೇಳಿ. ಮನೆಗೆ ತಂದು ಒರೆಸಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ ಡಬ್ಬಿಗೆ ಹಾಕಿ, ಮೇಲೆ ಗಾಡಿ ನಂಬರ್ ಬರೆದಿಡಿ. ಜೊತೆಗೆ ಒಂದು ಚೀಟಿ: ಯಾವ ವೈರ್ ಎಲ್ಲಿತ್ತು, ಯಾವ ಸ್ಕ್ರೂ ಎಲ್ಲಿಂದ ಬಂತು. ಮೊಬೈಲಲ್ಲಿ ಫೋಟೋ ತೆಗೆದಿದೀನಿ ಅಂತೀರಿ, ಫೋನ್ ಬದಲಾದಾಗ ಆ ಫೋಟೋ ಎಲ್ಲಿ ಹೋಗುತ್ತೆ ಅಂತ ನಿಮಗೇ ಗೊತ್ತು.

ಈ ಸಲ ಕಿಟ್ ಹಾಕಿ ಗಾಡಿ ಎದ್ದೇಳದವರು ಮೆಸೇಜ್ ಮಾಡಿ, ಪರವಾಗಿಲ್ಲ. ಆದ್ರೆ ಮೊದಲ ಸಾಲಿನಲ್ಲೇ ಮೂರು ವಿಷಯ ಬರೀರಿ: ಕಿಟ್ ಹಾಕೋಕೆ ಮುಂಚೆ ಸ್ಟಾರ್ಟ್ ಆಗ್ತಿತ್ತಾ, ಕಿಲ್ ವೈರ್ ಬಿಚ್ಚಿ ಸ್ಪಾರ್ಕ್ ನೋಡಿದ್ರಾ, ಪ್ಲಗ್ ಒದ್ದೆ ಇದೆಯಾ ಒಣಗಿದೆಯಾ. "ಬ್ರೋ ಹೆಲ್ಪ್" ಅಂತ ಬರೀ ಸೈಲೆನ್ಸರ್ ಫೋಟೋ ಕಳಿಸಿದ್ರೆ ಉತ್ತರ ಕೊಡಲ್ಲ ಕಣ್ರೋ.

#ಯೆಜ್ಡಿ #ಜಾವಾ #ಮೈಸೂರುಗಾಡಿ #ಟೂಸ್ಟ್ರೋಕ್ #ಮೊದಲುಸ್ಪಾರ್ಕ್‌ನೋಡು